ಐದನೇ ಗುಂಡಿ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಯಂತ್ರ, ಮೂರು ಸ್ಟೂಲು, ಒಂದು ರೇಡಿಯೊ ಇದ್ದವು. ಮೂರನೆಯ ಸ್ಟೂಲು ರೇಡಿಯೊದ್ದು. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಇಳಿಸುವುದು ಅವಳ ಕೆಲಸ. ಉಜ್ಜಿದ್ದನ್ನು ಕೂರಿಸಿ, ಕಡ್ಡಿ ಬಗ್ಗಿಸಿ, ತಿರುಪು ಬಿಗಿಯುವುದು ಫ್ರೇಮಣ್ಣನ ಕೆಲಸ. ರೇಡಿಯೊ ಹಾಕುವವನೂ ಅವನೇ. ಚಕ್ರ ತಿರುಗುವ ಸದ್ದು, ಅದರ ಮೇಲೆ ನೀರು ಬೀಳುವ ಸದ್ದು ಸೇರಿ ಅರ್ಧ ಹಾಡು ಕೇಳಿಸುತ್ತಲೇ ಇರಲಿಲ್ಲ.

"ಕೇಳೋದಕ್ಕಲ್ಲಮ್ಮ ಅದು," ಅನ್ನುತ್ತಿದ್ದ ಫ್ರೇಮಣ್ಣ. "ಮೂರನೆಯವರು ಒಬ್ರು ಇದಾರೆ ಅನ್ನೋ ಧೈರ್ಯಕ್ಕೆ."

ಆ ಮಂಗಳವಾರ ಮಧ್ಯಾಹ್ನ ಅವಳು ಒಬ್ಬ ಶಾಲಾ ಮಾಸ್ತರರ ಎಡಗಣ್ಣಿನ ಗಾಜನ್ನು ಚಕ್ರಕ್ಕೆ ಒತ್ತಿ ಹಿಡಿದಿದ್ದಳು. ರೇಡಿಯೊದಲ್ಲಿ ಢಬಢಬ ಎಂದು ಯಾವುದೋ ಹೊಸ ನಮೂನೆಯ ಬಡಿತ. ಅದರ ಮೇಲೆ ತೇಲಿಕೊಂಡು ಒಂದು ಹೆಣ್ಣು ದನಿ:

ಒಂದು ಬಾಗಿಲ ತೆರೆದೆ, ಒಳಗೆ ದೀಪಿಲ್ಲ
ಎರಡು ಬಾಗಿಲ ತೆರೆದೆ, ಎದುರು ಯಾರಿಲ್ಲ

ಹಾಡು ಅವಳಿಗೆ ಗೊತ್ತಿತ್ತು. ಗೊತ್ತಿರುವ ಹಾಡಿಗೆ ಹೊಸ ಅಂಗಿ ತೊಡಿಸಿದ್ದಾರೆ ಅಂದುಕೊಂಡಳು, ಅಷ್ಟೆ. ಮೂರನೇ ಬಾಗಿಲಾಯಿತು. ನಾಲ್ಕನೇ ಬಾಗಿಲಾಯಿತು. ಐದನೆಯದಕ್ಕೆ ಮಾತು ನಿಂತಿತು. ತುಟಿ ಮುಚ್ಚಿಕೊಂಡು ಎಳೆದ ಒಂದು ಉದ್ದನೆಯ "ಹ್ಞೂಂ", ಕೊನೆಗೆ ಒಂದು "ಟಕ್". ಆಮೇಲೆ ಏನೂ ಆಗಿಲ್ಲವೆಂಬಂತೆ ಆರನೇ ಬಾಗಿಲು.

ಅವಳ ಕೈ ನಿಂತಲ್ಲೇ ನಿಂತಿತು. ಚಕ್ರ ನಿಲ್ಲಲಿಲ್ಲ. ಮಾಸ್ತರರ ಎಡಗಣ್ಣು ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿ ಹೋಯಿತು.

"ಏನಮ್ಮಾ, ಮಾಸ್ತರ್ರಿಗೆ ಅರ್ಧ ಕ್ಲಾಸು ಮಾತ್ರ ಕಾಣಿಸಿದ್ರೆ ಸಾಕು ಅಂತಾನಾ?" ಅಂದ ಫ್ರೇಮಣ್ಣ. ಅವಳ ಮುಖ ನೋಡಿ ನಗು ನುಂಗಿಕೊಂಡ. "ಯಾಕಮ್ಮ?"

"ಆ ಹಾಡು ಯಾರದ್ದು?"

"ಯಾವ ಹಾಡು?"

ಅಷ್ಟರಲ್ಲಿ ಟೂತ್‌ಪೇಸ್ಟಿನ ಜಾಹೀರಾತು ಶುರುವಾಗಿತ್ತು.

ಅವಳ ಅಮ್ಮ ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದವಳು. ಹೊಲಿದ ಅಂಗಿಗಳ ಗಂಟು ಬೆಳಿಗ್ಗೆ ಬರುತ್ತಿತ್ತು, ಸಂಜೆ ಹೋಗುತ್ತಿತ್ತು. ಅಂಗಿಗೆ ಏಳು ಗುಂಡಿ, ಹಾಡಿಗೆ ಏಳು ಬಾಗಿಲು. ಒಂದೊಂದು ಗುಂಡಿಗೆ ಒಂದೊಂದು ಬಾಗಿಲು ತೆರೆಯುತ್ತ ಹೋಗುವಳು. ಪ್ರತಿ ಅಂಗಿಗೂ ಹೊಸ ದಾರ; ಅದು ನಾಲ್ಕು ಗುಂಡಿಗೆ ಮುಗಿಯುತ್ತಿತ್ತು. ಐದನೆಯದಕ್ಕೆ ಹೊಸ ದಾರ ಪೋಣಿಸಿ, ಅದರ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಕು. ಬಾಯಲ್ಲಿ ದಾರವಿರುವಾಗ ಮಾತೆಲ್ಲಿ ಬಂದೀತು? ಹ್ಞೂಂ ಎಂದು ರಾಗ ಮಾತ್ರ ಹೊರಡುತ್ತಿತ್ತು. ಟಕ್ಕೆಂದು ದಾರ ಕಡಿದ ಮೇಲೆ ಆರನೇ ಬಾಗಿಲು. ಇಬ್ಬರು ಮಕ್ಕಳೂ ಹಾಡನ್ನು ಹಾಗೆಯೇ ಕಲಿತರು. ಉದ್ದಕ್ಕೆ, ಸಪೂರಕ್ಕೆ ಇದ್ದ ದೊಡ್ಡವಳಿಗೆ ಅಮ್ಮ ಸೂಜಿ ಅನ್ನುತ್ತಿದ್ದಳು. ದುಂಡಗಿದ್ದ ಚಿಕ್ಕವಳು, ಅಂದರೆ ಇವಳು, ಗುಂಡಿ.

ಸೂಜಿ ಆ "ಟಕ್" ಅನ್ನು ಹಲ್ಲಿಗೆ ನಾಲಿಗೆ ಹಚ್ಚಿ ಎಷ್ಟು ಚೆನ್ನಾಗಿ ಹೊರಡಿಸುತ್ತಿದ್ದಳೆಂದರೆ ಅಮ್ಮನೇ ದಾರ ಎಲ್ಲಿ ಹೋಯಿತೆಂದು ನೋಡಿಕೊಳ್ಳುತ್ತಿದ್ದಳು. ಗುಂಡಿಗೆ ಅದು ಬರಲಿಲ್ಲ. ಅವಳು ಯಾವಾಗಲೂ ಮೊದಲೇ ನಕ್ಕುಬಿಡುತ್ತಿದ್ದಳು.

"ಐದನೇ ಬಾಗಿಲಲ್ಲಿ ಏನಿದೆ ಗೊತ್ತಾ?" ಎಂದು ಹಾಸಿಗೆಯಲ್ಲಿ ಸೂಜಿ ಕೇಳುವಳು.

"ಏನಿದೆ?"

"ನಂಗೊತ್ತು. ಹೇಳಬಾರದ್ದು. ಅದಕ್ಕೇ ಅಮ್ಮ ಹೇಳಲ್ಲ. ನೀನು ದೊಡ್ಡೋಳಾದ್ಮೇಲೆ ಹೇಳ್ತೀನಿ."

ಗುಂಡಿ ದೊಡ್ಡವಳಾದಳು. ಅಕ್ಕ ಹೇಳಲಿಲ್ಲ. ಈಗ ಒಂಬತ್ತು ವರ್ಷದಿಂದ ಅಕ್ಕ ಎಲ್ಲಿದ್ದಾಳೆಂದೇ ತಿಳಿಯದು.

ಅದಕ್ಕೆ ಕಾರಣ ಗುಂಡಿ ಆಡಿದ ಒಂದು ಮಾತು. ಅಮ್ಮನಿಗೆ ಕಾಯಿಲೆಯಾದಾಗ ಸೂಜಿ ಬೇರೆ ಊರಿನಲ್ಲಿ ಕೆಲಸಕ್ಕಿದ್ದಳು. ಜ್ವರ ಅಂದಿದ್ದನ್ನು ಜ್ವರವೆಂದೇ ತಿಳಿದು ಒಂದು ದಿನ ತಡವಾಗಿ ಬಂದಳು. ಬಂದಾಗ ಅಮ್ಮ ಇರಲಿಲ್ಲ. ಬಾಗಿಲಲ್ಲೇ ಗುಂಡಿ ಅಂದಿದ್ದಳು: "ನೀನು ನಿನ್ನೆ ಬಂದಿದ್ರೆ ಅಮ್ಮ ಉಳೀತಿದ್ಲು." ಎರಡು ದಿನ ಮೊದಲೇ ಡಾಕ್ಟರು ಗುಂಡಿಯನ್ನು ಪಕ್ಕಕ್ಕೆ ಕರೆದು, ಇನ್ನು ಯಾರು ಬಂದರೂ ಏನು ಮಾಡಿದರೂ ಅಷ್ಟೆ, ಎಂದು ಹೇಳಿದ್ದರು. ಅದು ಗೊತ್ತಿದ್ದೂ ಅಂದಳು. ಯಾಕಂದಳೋ ಇವತ್ತಿಗೂ ಅವಳಿಗೆ ತಿಳಿಯದು. ಸೂಜಿ ಮೂರು ದಿನ ಇದ್ದು, ಮನೆಯ ಬೀಗದಕೈಯನ್ನು ಮೇಜಿನ ಮೇಲಿಟ್ಟು ಹೋದಳು.

ಮೊದಲ ವರ್ಷ ಗುಂಡಿ ಬಿಗುಮಾನದಲ್ಲಿ ಸುಮ್ಮನಿದ್ದಳು. ಎರಡನೆಯ ವರ್ಷ ಫೋನ್ ಮಾಡಿದರೆ ಆ ನಂಬರು ಬಳಕೆಯಲ್ಲಿಲ್ಲ. ಸೂಜಿ ಬಾಡಿಗೆಗಿದ್ದ ಕೋಣೆಯ ಯಜಮಾನಿ "ಖಾಲಿ ಮಾಡಿ ಎಷ್ಟೋ ದಿನವಾಯ್ತು" ಅಂದಳು. ಆಮೇಲೆ ಇವರಿದ್ದ ಸಾಲುಮನೆಗಳನ್ನೂ ಕೆಡವಿದರು. ಗುಂಡಿಗೆ ಮದುವೆಯಾಯಿತು. ಎರಡು ವರ್ಷಕ್ಕೆ ಗಂಡ ತೀರಿಹೋದ. ಅವಳು ಅಪ್ಪನ ಜೊತೆಗೆ ಬಂದಳು, ಹೊಸ ಮನೆಗೆ, ಹೊಸ ಫೋನ್ ನಂಬರಿನೊಂದಿಗೆ. ಈಗ ಸೂಜಿಯೇ ಹುಡುಕಿದರೂ ಇವರು ಸಿಗುವಂತಿರಲಿಲ್ಲ.

ಹೀಗಿರುವಾಗ ರೇಡಿಯೊದಲ್ಲಿ ಆ ಹ್ಞೂಂ. ಲೋಕದಲ್ಲಿ ಐದನೇ ಬಾಗಿಲಿಗೆ ಹ್ಞೂಂ ಅನ್ನುವವರು ಇಬ್ಬರೇ. ಒಬ್ಬಳು ಗುಂಡಿ. ಹಾಡಿದವಳು ಗುಂಡಿಯಲ್ಲ.

ಸಂಜೆ ಅಪ್ಪನಿಗೆ ಹೇಳಿದಳು. ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ನಿವೃತ್ತಿಯಾದ ಮೇಲೂ ಯಾರಾದರೂ ಬಾಗಿಲು ದಾಟಿದರೆ ಬಾಯಲ್ಲಿ "ರೈಟ್" ಬರುತ್ತಿತ್ತು. ಕಿವಿಗೆ ಕೈ ಅಡ್ಡ ಹಿಡಿದು ಪೂರ್ತಿ ಕೇಳಿಸಿಕೊಂಡರು.

"ಅದಕ್ಕೇನೀಗ?"

"ಹ್ಞೂಂ ಅಂದ್ಲಪ್ಪಾ, ಐದನೇದಕ್ಕೆ. ನಮ್ಮ ಅಮ್ಮನ ಹಾಗೇ."

"ಎಲ್ಲರೂ ಹಾಗೇ ಅನ್ನೋದು. ನಿಮ್ಮಮ್ಮ ಏನು ಅದನ್ನ ರಿಜಿಸ್ಟರ್ ಮಾಡಿಸಿದ್ಲಾ?"

"ಎಲ್ಲರೂ ಅಂದ್ರೆ ಯಾರು?"

"ಎಲ್ಲರೂ ಅಂದ್ರೆ ಎಲ್ಲರೂ. ನನ್ನ ಬಸ್ಸಲ್ಲಿ ನಾನು ಏನೇನು ಕೇಳಿಲ್ಲ ಹೇಳು." ಅವರು ಪೇಪರು ಮುಖಕ್ಕೆ ಅಡ್ಡ ಹಿಡಿದರು. ದೊಡ್ಡ ಮಗಳ ಸುದ್ದಿ ಹತ್ತಿರ ಬಂತೆಂದರೆ ಪೇಪರು ಮೇಲೇರುತ್ತಿತ್ತು. ಗುಂಡಿಯೂ ಬಿಟ್ಟಳು. ಅಪ್ಪನ ಮಾತಿಗೆ ಆಗಾಗ ತಲೆಬುಡ ಇರುತ್ತಿರಲಿಲ್ಲ.

ಫ್ರೇಮಣ್ಣ ಮರುದಿನ ತನ್ನ ಫೋನಿನಲ್ಲಿ ಅದೇ ಹಾಡಿನ ಎರಡು ಹೊಸ ಅವತಾರ ಹುಡುಕಿ ತಂದ. ಒಂದರಲ್ಲಿ ನಾಲ್ಕನೇ ಬಾಗಿಲಿಂದ ನೇರ ಆರಕ್ಕೆ ಹಾರಿದ್ದರು. ಇನ್ನೊಂದರಲ್ಲಿ ಮೂರನೇ ಬಾಗಿಲು ತೆರೆದದ್ದೇ ಒಬ್ಬ ಗಂಡಸು ಒಳಗಿಂದ ಬಂದು ತನ್ನ ಕಾರಿನ ಬಗ್ಗೆ ಗಡಗಡ ಹೇಳಿಕೊಂಡು ಹೋದ.

"ಇದಲ್ವಾ?" ಅಂದ ಫ್ರೇಮಣ್ಣ.

"ಅಲ್ಲ."

"ನಿಜವಾಗ್ಲೂ ಹ್ಞೂಂ ಅಂತಾ? ನೀರು ಬೀಳ್ತಿತ್ತಲ್ಲ. ನಮ್ಮ ಮೋಟಾರೂ ಹ್ಞೂಂ ಅನ್ನತ್ತೆ."

ಇರಬಹುದೇ ಎಂದು ಅವಳಿಗೂ ಅನ್ನಿಸಿತು. ಮೋಟಾರು ಹಾಕಿ, ನೀರು ಬಿಟ್ಟು, ಕಣ್ಣು ಮುಚ್ಚಿ ಕೇಳಿದಳು. ಹ್ಞೂಂ ಅಂದಿತು. ಟಕ್ ಅನ್ನಲಿಲ್ಲ.

ಶನಿವಾರ ಅರ್ಧ ದಿನ ರಜೆ ಹಾಕಿ ರೇಡಿಯೊದವರಲ್ಲಿಗೇ ಹೋದಳು. ಪೀಠೋಪಕರಣದ ಅಂಗಡಿಯ ಮೇಲಿನ ಎರಡನೇ ಮಹಡಿ. ಇಷ್ಟೆಲ್ಲ ಮಾತು, ನಗು, ಹಾಡು ಬರುವ ಜಾಗ ಆಸ್ಪತ್ರೆಯಷ್ಟು ನಿಶ್ಶಬ್ದವಾಗಿತ್ತು. ಯಾವ ಹಾಡು ಯಾವಾಗ ಬರಬೇಕೆಂದು ಪಟ್ಟಿ ಮಾಡುವವನು ಮೇಜಿನ ಹಿಂದೆ ಬಿಸ್ಕೆಟ್ ತಿನ್ನುತ್ತಿದ್ದ.

"ಹಾಡಿನ ಹೆಸರು?"

"ಗೊತ್ತಿಲ್ಲ. ಏಳು ಬಾಗಿಲು ಇದಾವೆ."

"ಹಾಡಿದವರು?"

"ಅದನ್ನೇ ಕೇಳೋಕೆ ಬಂದಿದ್ದು."

ಅವನು ಪರದೆಯ ಮೇಲೆ ಬೆರಳು ಓಡಿಸಿದ. "ಇದೇನಾ ನೋಡಿ. ಹೋದ ತಿಂಗಳೂ ಒಬ್ರು ಇದಕ್ಕೇ ಇಲ್ಲೀತನಕ ಬಂದಿದ್ರು. ಏನಿದೆಯಪ್ಪ ಈ ಹಾಡಲ್ಲಿ ಅಂತ. ನಂಗಂತೂ ತಲೆನೋವು ಬರತ್ತೆ."

ಅವಳು ಆ ಮಾತಿಗೆ ಕಿವಿಗೊಡಲಿಲ್ಲ. ಹಾಡು ಶುರುವಾಗಿತ್ತು. ನಾಲ್ಕಾಯಿತು. ಹ್ಞೂಂ. ಟಕ್. ಇತ್ತು. ಮೋಟಾರಲ್ಲ, ನೀರಲ್ಲ, ಇತ್ತು. ಆದರೆ ದನಿ ಅಕ್ಕನದೇ? ಕಣ್ಣು ಮುಚ್ಚಿದಳು. ಹೌದು ಅನ್ನಿಸಿತು. ಇನ್ನೊಮ್ಮೆ ಹಾಕಿಸಿದಳು. ಅಲ್ಲ ಅನ್ನಿಸಿತು. ಮೂರನೆಯ ಸಲಕ್ಕೆ ಅಕ್ಕನ ದನಿ ಹೇಗಿತ್ತೆಂಬುದೇ ಮರೆತುಹೋಯಿತು.

"ಆ ಐದನೇ ಸಾಲು ನನ್ನ ಕತ್ತರಿಗೆ ಸಿಕ್ಕಿರಬೇಕು ಕಣ್ರೀ," ಅಂದ ಪಟ್ಟಿಯವನು. "ಎಲ್ಲಾ ಹಾಡನ್ನೂ ನಾನು ಮೂರೂವರೆ ನಿಮಿಷಕ್ಕೆ ಇಳಿಸ್ತೀನಿ. ಎಲ್ಲಿ ಕತ್ತರಿಸಿದ್ನೋ ಏನೋ. ಅದಕ್ಕೇ ಹಂಗೆ ಕೇಳಿಸ್ತಿದೆ."

"ಕತ್ತರಿಸಿದ್ರೆ ಹ್ಞೂಂ ಎಲ್ಲಿಂದ ಬರತ್ತೆ?"

ಅವನು ಬಿಸ್ಕೆಟ್ ಕೆಳಗಿಟ್ಟು ಕಡತ ತೆರೆದ. ಕತ್ತರಿಸಿದ್ದು ಏಳನೇ ಬಾಗಿಲಾದ ಮೇಲೆ. ಐದನೆಯದನ್ನು ಅವನು ಮುಟ್ಟಿರಲಿಲ್ಲ. ತಾನು ತಪ್ಪು ಮಾಡಿಲ್ಲವೆಂದು ತಿಳಿದು ಅವನಿಗೇ ಆಶ್ಚರ್ಯವಾದಂತಿತ್ತು. ಸಂತೋಷಕ್ಕೆ ಹಾಡು ಮಾಡಿದವನ ವಿಳಾಸ ಬರೆದುಕೊಟ್ಟ. ಹೆಸರಿನ ಜಾಗದಲ್ಲಿ 'ಡಬ್ಬಿ ಮಾಸ್ತರ' ಎಂದಿತ್ತು.

ಡಬ್ಬಿ ಮಾಸ್ತರ ಟೈರ್ ಅಂಗಡಿಯ ಮೇಲಿದ್ದ. ಮಾಸ್ತರ ಅನ್ನುವಷ್ಟು ವಯಸ್ಸೇನಿಲ್ಲ, ಮೂವತ್ತೈದಿದ್ದೀತು. ಹೊರಗಿನ ಸದ್ದು ಬರದಿರಲೆಂದು ಕಿಟಕಿಗೆಲ್ಲ ಕಂಬಳಿ ಬಡಿದಿದ್ದ. ಕೋಣೆಯ ತುಂಬ ತಗಡಿನ ಡಬ್ಬಿಗಳು. ಅವನ ತಾಳವೆಲ್ಲ ಅವುಗಳದೇ.

"ಕೂತ್ಕೊಳ್ಳಿ. ಅದರ ಮೇಲಲ್ಲ, ಅದು ನನ್ನ ಬಾಸ್ ಡ್ರಮ್ಮು," ಅಂದ. ಅವಳು ದೊಡ್ಡ ಎಣ್ಣೆ ಡಬ್ಬಿಯಿಂದ ಎದ್ದು ಚಿಕ್ಕದರ ಮೇಲೆ ಕೂತಳು.

ಐದನೇ ಬಾಗಿಲ ಬಗ್ಗೆ ಕೇಳಿದ್ದೇ ತಡ, ಅವನು ಗೋಡೆಗಂಟಿಸಿದ್ದ ಪೇಪರಿನ ತುಂಡು ತೋರಿಸಿದ. ಯಾರೋ ವಿಮರ್ಶಕರು ಆ ಹ್ಞೂಂಕಾರವನ್ನು 'ಶತಮಾನಗಳಿಂದ ಅದುಮಿಟ್ಟ ಹೆಣ್ಣಿನ ಮೌನ' ಎಂದು ಬರೆದಿದ್ದರು.

"ಅದು ದಾರ," ಅಂದಳು ಗುಂಡಿ.

"ಏನು?"

"ಬಾಯಲ್ಲಿ ದಾರ ಇರತ್ತೆ. ಅದಕ್ಕೇ ಹ್ಞೂಂ. ಹಾಡಿದೋಳು ಯಾರು ಹೇಳಿ, ಅವಳು ನನ್ನ ಅಕ್ಕ."

ಡಬ್ಬಿ ಮಾಸ್ತರ ತಲೆ ಕೆರೆದುಕೊಂಡ.

"ಅಕ್ಕ ಅಂದ್ರೆ… ಇವರಲ್ಲಿ ಯಾರು?" ಅಂದು ಒಂದು ಗುಂಡಿ ಒತ್ತಿದ.

ಡಬ್ಬಿಯ ತಾಳವಿಲ್ಲದ ಮೂಲ ಹಾಡು. ದೊಡ್ಡ ಹಾಲ್ ಒಂದರ ಮಾರ್ದನಿ, ಹೊಲಿಗೆ ಯಂತ್ರಗಳ ಗಿರ್ರೆಂಬ ಸದ್ದು, ಅದರೊಳಗಿಂದ ಒಂದಿಷ್ಟು ಹೆಂಗಸರ ದನಿ. ಒಬ್ಬರು ಮುಂದೆ, ಒಬ್ಬರು ಹಿಂದೆ, ಇಬ್ಬರಿಗೆ ಕೆಮ್ಮು. ನಾಲ್ಕು ಬಾಗಿಲು ತೆರೆದರು. ಐದನೆಯದಕ್ಕೆ ಎಲ್ಲರೂ ಒಟ್ಟಿಗೆ ಹ್ಞೂಂ ಅಂದರು. ಜೇನು ಎದ್ದಂತೆ. ಆಮೇಲೆ ಟಕ್, ಟಕಟಕ, ಟಕ್. ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ.

"ನಲವತ್ತು ಜನ," ಅಂದ ಡಬ್ಬಿ ಮಾಸ್ತರ. "ಬಟ್ಟೆ ಕಾರ್ಖಾನೆ. ನಾನು ಹೋಗಿದ್ದು ಯಂತ್ರದ ಸದ್ದು ಹಿಡಿಯೋಕೆ. ಇವರು ಹಾಡಿದ್ರು."

"ರೇಡಿಯೊದಲ್ಲಿ ಒಂದೇ ದನಿ ಇತ್ತಲ್ಲ?"

"ಮೂರು ದನಿ ಒಂದರ ಮೇಲೊಂದು ಹಾಕಿ ಒಂದು ಮಾಡಿದ್ದು. ಮೈಕು ಮೇಲೆ ತೊಲೆಗೆ ನೇತಾಡ್ತಿತ್ತು, ಯಾವ ಮೂರು ಅಂತ ನಂಗೂ ಗೊತ್ತಿಲ್ಲ. ಆ ದನಿ ಯಾರದ್ದೂ ಅಲ್ಲ ಕಣ್ರೀ."

ಅವಳು ಐದಾರು ಸಲ ಕೇಳಿದಳು. ನಲವತ್ತರಲ್ಲಿ ಒಂದನ್ನು ಹೆಕ್ಕಲು ನೋಡಿದಳು. ಹೆಕ್ಕಿದ್ದೆಲ್ಲ ಅಕ್ಕನಂತೆ ಕೇಳಿಸಿತು, ಕೆಮ್ಮು ಕೂಡ. ಒಬ್ಬಳು ಅಕ್ಕ ಸಿಕ್ಕಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು. ಯಾರೂ ಸಿಗದಿದ್ದರೂ ಅರ್ಥವಾಗುತ್ತಿತ್ತು. ನಲವತ್ತು ಜನ ಅಕ್ಕಂದಿರನ್ನು ಇಟ್ಟುಕೊಂಡು ಏನು ಮಾಡುವುದು? ಸೂಜಿ ಅಲ್ಲಿ ಕೆಲಸಕ್ಕೆ ಸೇರಿ ಎಲ್ಲರಿಗೂ ಕಲಿಸಿರಬೇಕು. ಹಾಗಲ್ಲದೆ ಇನ್ನು ಹೇಗೆ? ಬಸ್ಸಿನಲ್ಲಿ ವಾಪಸು ಬರುವಾಗ ಇಷ್ಟನ್ನು ಗಟ್ಟಿ ಮಾಡಿಕೊಂಡಳು. ಇಳಿಯುವ ನಿಲ್ದಾಣ ದಾಟಿ ಎರಡು ನಿಲ್ದಾಣ ಹೋಗಿಬಿಟ್ಟಿದ್ದಳು.

ಬುಧವಾರ ಕಾರ್ಖಾನೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಮೊದಲು, ನಾನು ಅವತ್ತು ಅಂದದ್ದು ನಿಜವಲ್ಲ. ಆಮೇಲೆ, ಅಪ್ಪ ಇದಾರೆ. ಆಮೇಲೆ ಉಳಿದದ್ದು. ಗೇಟು ಬರುವಷ್ಟರಲ್ಲಿ ಆಮೇಲಿನದು ಮೊದಲಾಗಿ, ಮೊದಲಿನದು ಎಲ್ಲೋ ಹೋಗಿತ್ತು.

ಊಟದ ಗಂಟೆಗೆ ಕಾವಲುಗಾರ ಒಳಗೆ ಬಿಟ್ಟ. ಗುಂಡಿ ಹಚ್ಚುವ ವಿಭಾಗ ಹಾಲಿನ ಕೊನೆಯಲ್ಲಿತ್ತು. ಉದ್ದನೆಯ ಮೇಜುಗಳ ಮೇಲೆ ಅಂಗಿಗಳ ರಾಶಿ, ಪ್ರತಿಯೊಬ್ಬಳ ಮಣಿಕಟ್ಟಿಗೂ ದಾರದಲ್ಲಿ ಕಟ್ಟಿದ ಪುಟ್ಟ ಕತ್ತರಿ. ಹೆಂಗಸರು ಕೈ ತೊಳೆದುಕೊಂಡು ಬಂದು ಕೂತಿದ್ದರು. ಅವಳು ಒಂದೊಂದೇ ಮುಖ ನೋಡುತ್ತ ಮೇಜುಗಳ ನಡುವೆ ಹೋದಳು. ಒಂದು ತುದಿಯಿಂದ ಇನ್ನೊಂದು ತುದಿ. ಮತ್ತೆ ಆ ತುದಿಯಿಂದ ಈ ತುದಿ.

"ಏನಕ್ಕಾ, ಹೆಣ್ಣು ನೋಡೋಕೆ ಬಂದ್ರಾ?" ಅಂದಳು ಒಬ್ಬಳು. "ಈ ಸಾಲಲ್ಲಿ ಎಲ್ಲರಿಗೂ ಆಗಿದೆ, ಆ ಸಾಲಿಗೆ ಹೋಗಿ."

ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ. ಸೂಜಿ ಅಲ್ಲಿರಲಿಲ್ಲ.

"ಏಳು ಬಾಗಿಲ ಹಾಡು," ಅಂದಳು. "ಐದನೇದಕ್ಕೆ ಹ್ಞೂಂ ಅನ್ನೋದು ನಿಮಗೆ ಯಾರು ಕಲಿಸಿದ್ದು?"

ಹೆಂಗಸರು ಮುಖಮುಖ ನೋಡಿಕೊಂಡರು. ಅಂಗಿಗೆ ಕಾಲರು ಯಾಕೆ ಎಂದು ಕೇಳಿದಂತಿತ್ತು.

"ಹಾಡೇ ಹಾಗಲ್ವಾ?" ಅಂದಳು ಒಬ್ಬಳು.

"ದೊಡ್ಡಕ್ಕನ್ನ ಕೇಳಿ," ಅಂದಳು ಇನ್ನೊಬ್ಬಳು.

ದೊಡ್ಡಕ್ಕ ಮೂಲೆಯ ಮೇಜಿನಲ್ಲಿದ್ದ ಮುದುಕಿ. ದಾರ ಕತ್ತರಿಸಿ ಹಂಚುವುದಷ್ಟೇ ಅವಳ ಕೆಲಸ. ಮೇಜಿನ ಮೇಲೆ ಒಂದು ಮೊಳ ಅಂತರದಲ್ಲಿ ಎರಡು ಮೊಳೆ ಹೊಡೆದಿತ್ತು. ಈ ಮೊಳೆಯಿಂದ ಆ ಮೊಳೆಗೆ ದಾರ ಎಳೆದು, ಸುತ್ತಿ, ವಾಪಸು ತಂದು, ಕತ್ತರಿಸಿ ಪಕ್ಕಕ್ಕಿಡುತ್ತಿದ್ದಳು. ಊಟದ ಹೊತ್ತಲ್ಲೂ ಅವಳ ಕೈ ನಿಂತಿರಲಿಲ್ಲ.

"ಇದು ನೋಡು," ಅಂದಳು, ಗುಂಡಿಯ ಪ್ರಶ್ನೆ ಕೇಳಿದ ಮೇಲೆ. "ಈ ಮೊಳೆಯಿಂದ ಆ ಮೊಳೆಗೆ ಹೋಗಿ ಬಂದ್ರೆ ಒಂದು ದಾರ. ಒಂದು ದಾರಕ್ಕೆ ನಾಕು ಗುಂಡಿ. ನಾನು ಇಲ್ಲಿ ಬರೋಕೆ ಮೊದಲಿಂದ ಇದೇ ಲೆಕ್ಕ. ಐದನೇ ಗುಂಡಿಗೆ ಎಲ್ಲರಿಗೂ ದಾರ ಮುಗಿಯತ್ತೆ. ಆಗ ಕತ್ತರಿ ಎಲ್ಲಿತ್ತು? ಹಲ್ಲೇ ಕತ್ತರಿ. ಎಲ್ಲರ ಬಾಯಲ್ಲೂ ದಾರ. ಎಲ್ಲರೂ ಹ್ಞೂಂ."

"ಈಗ ಕತ್ತರಿ ಇದೆಯಲ್ಲ?"

"ಇದೆ. ಬಾಯಿ ಖಾಲಿ. ಆದ್ರೆ ಮಾತು ವಾಪಸ್ ಹಾಕೋಕೆ ಯಾರಿಗೂ ನೆನಪಾಗಿಲ್ಲ."

ಗುಂಡಿ ಮೇಜಿನ ಅಂಚು ಹಿಡಿದುಕೊಂಡಳು. ಅಮ್ಮ ಮದುವೆಗೆ ಮೊದಲು ಎಲ್ಲೋ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಳೆಂದು ಕೇಳಿದ್ದು ನೆನಪಿತ್ತು. ಎಲ್ಲಿ ಎಂದು ಕೇಳಿರಲಿಲ್ಲ. ಅಪ್ಪನ ಬಸ್ಸು ಮೊದಲು ಈ ದಾರಿಯಲ್ಲಿ ಓಡುತ್ತಿದ್ದದ್ದೂ ಈಗ ನೆನಪಾಯಿತು. ಸಂಜೆಯ ಬಸ್ಸಿನ ತುಂಬ ಗುಂಡಿ ಹಚ್ಚುವ ಹೆಂಗಸರು. ಎಲ್ಲರೂ ಅಂದ್ರೆ ಎಲ್ಲರೂ. ಅಪ್ಪ ನಿಜವನ್ನೇ ಹೇಳಿದ್ದರು.

"ನಮ್ಮ ಅಮ್ಮ ಇಲ್ಲಿದ್ಲು ಅನ್ಸತ್ತೆ," ಅಂದಳು. "ಮೂವತ್ತೈದು ವರ್ಷ ಆಗಿರಬಹುದು. ನೆನಪಿದೆಯಾ?"

"ಎತ್ತರಕ್ಕಿದ್ಲಾ?"

"ಇಲ್ಲ, ಕುಳ್ಳು."

"ಹ್ಞಾಂ, ಕುಳ್ಳಗಿದ್ಲು," ಅಂದಳು ದೊಡ್ಡಕ್ಕ ತಕ್ಷಣ. ಅವಳಿಗೆ ಏನೂ ನೆನಪಿಲ್ಲವೆಂದು ಇಬ್ಬರಿಗೂ ತಿಳಿಯಿತು. "ಎಷ್ಟೋ ಜನ ಬಂದ್ರಮ್ಮ. ಎಷ್ಟೋ ಜನ ಹೋದ್ರು."

ಹಾಗಾದರೆ ಆ ಹ್ಞೂಂ ಅಮ್ಮನದಲ್ಲ. ಅಕ್ಕನದೂ ಅಲ್ಲ, ತನ್ನದೂ ಅಲ್ಲ. ಎರಡು ಮೊಳೆಗಳದು. ಇಷ್ಟು ದಿನ ಕೈಯಲ್ಲಿ ಹಿಡಿದುಕೊಂಡು ಬಂದ ಬೀಗದಕೈ ಊರಿನ ಎಲ್ಲ ಬೀಗಕ್ಕೂ ಹೊಂದುತ್ತದೆಂದು ಗೊತ್ತಾದಂತಾಯಿತು. ಅಳು ಬರಬೇಕಿತ್ತು. ಬರಲಿಲ್ಲ. ಮುಂದೇನು ಮಾಡುವುದೆಂದು ಹೊಳೆಯದೆ, ಬಾಯಿಗೆ ಬಂದದ್ದನ್ನು ಕೇಳಿದಳು:

"ಐದನೇದಕ್ಕೆ ಮಾತು ಏನಿತ್ತು? ನಿಮಗೆ ಗೊತ್ತಾ?"

ದೊಡ್ಡಕ್ಕ ದಾರ ಎಳೆಯುತ್ತಲೇ ಮಣಮಣ ಹಾಡಿಕೊಂಡಳು. "ಐದು ಬಾಗಿಲ ತೆರೆದೆ, ಆಡು ಮಲಗಿತ್ತು."

"ಆಡು?"

"ಆಡು. ಮೇಕೆ."

"ಆಡು ಯಾಕೆ?"

"ಅದನ್ನ ನಾನೇನು ಕಟ್ಟಿದ್ನಾ? ಮಲಗಿತ್ತು, ಅಷ್ಟೆ." ಮುದುಕಿ ಈಗ ಕೈ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಇದನ್ನೇ ಕೇಳಿದ್ಲು ಅವಳೂ. ಆಡು ಯಾಕೆ ಅಂತಲೂ ಕೇಳಿದ್ಲು."

"ಯಾರು?"

"ಹೋದ ತಿಂಗಳು ಬಂದಿದ್ಲಲ್ಲ ಒಬ್ಳು. ನಿನ್ನ ಹಾಗೇ ಮೇಜು ಮೇಜು ಸುತ್ತಿದ್ಲು. ರೇಡಿಯೊದಲ್ಲಿ ಹಾಡಿದ್ದು ನನ್ನ ತಂಗಿ, ದನಿ ಅವಳದೇ, ಕಣ್ಣು ಕಟ್ಟಿ ಬಿಟ್ರೂ ಹೇಳ್ತೀನಿ, ಕರೀರಿ ಅವಳನ್ನ ಅಂತ ಒಂದೇ ಹಟ. ಇಲ್ಲಮ್ಮ, ಇದು ಇಡೀ ಹಾಲಿನ ಹಾಡು ಅಂದ್ರೆ ಕೇಳಬೇಕಲ್ಲ." ದೊಡ್ಡಕ್ಕ ದಾರದ ಉಂಡೆ ಪಕ್ಕಕ್ಕಿಟ್ಟಳು. "ನಿನ್ನನ್ನ ಮನೇಲಿ ಏನಂತ ಕರೀತಿದ್ರು?"

"ಗುಂಡಿ."

ಪಕ್ಕದ ಮೇಜಿನವರಿಗೆ ಕೇಳಿಸಿ ಕಿಸಕ್ಕೆಂದರು. ಆ ಹಾಲಿನಲ್ಲಿ ಆ ಹೆಸರು ಇಟ್ಟುಕೊಂಡು ಬರುವುದು ತಮಾಷೆಯೇ ಆಗಿತ್ತು. ದೊಡ್ಡಕ್ಕ ನಗಲಿಲ್ಲ. ಮೇಜಿನ ಕೆಳಗಿಂದ ಒಂದು ತಗಡಿನ ಡಬ್ಬಿ ತೆಗೆದಳು. ಒಳಗೆ ಜೋಡಿ ತಪ್ಪಿದ ಗುಂಡಿಗಳು. ಕೈ ಹಾಕಿ ಕಲಕಿ, ತಳದಿಂದ ನಾಲ್ಕು ಮಡಿಕೆ ಮಾಡಿದ ಚೀಟಿಯೊಂದನ್ನು ಎತ್ತಿದಳು.

"ಹಾಡು ಕೇಳಿದ್ರೆ ಅವಳೂ ಬಂದೇ ಬರ್ತಾಳೆ, ಬರದೆ ಇರಲ್ಲ, ಬಂದ್ರೆ ಕೊಡಿ ಅಂದ್ಲು. ನಂಗೆ ನಂಬಿಕೆ ಇರಲಿಲ್ಲಪ್ಪ. ಡಬ್ಬೀಲಿ ಹಾಕಿಟ್ಟೆ."

ಚೀಟಿಯಲ್ಲಿ ಒಂದು ಫೋನ್ ನಂಬರು. ಹೆಸರಿಲ್ಲ. ಏಳು ಎಂಬ ಅಂಕಿಯ ಬಾಲವನ್ನು ಕೊಂಚ ಉದ್ದ ಎಳೆಯುವ ಅಕ್ಕನ ಬರಹ.

ಕೆಲಸದ ಗಂಟೆ ಹೊಡೆಯಿತು. ಗುಂಡಿ ಹೊರಗೆ ಬಂದಳು. ಗೇಟಿನಾಚೆ ಸಾಮಾನಿನ ಲಾರಿಯೊಂದು ಹಿಂದೆ ಮುಂದೆ ಮಾಡುತ್ತಿತ್ತು. ಗೋಡೆಗೆ ಒರಗಿ ನಂಬರು ಒತ್ತಿದಳು. ಒಂದು ಅಂಕಿ ತಪ್ಪಿತು. ಮತ್ತೆ ಒತ್ತಿದಳು. ಮೊದಲು ಯಾವುದು, ಆಮೇಲೆ ಯಾವುದು? ಅಮ್ಮನ ವಿಷಯವೇ, ಅಪ್ಪನದೇ? ಗಂಡ ಹೋದದ್ದು ಹೇಳಬೇಕಾದರೆ ಮದುವೆಯಾದದ್ದನ್ನೇ ಮೊದಲು ಹೇಳಬೇಕು. ಅಕ್ಕನಿಗೆ ಎರಡೂ ಗೊತ್ತಿಲ್ಲ. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಇಟ್ಟುಬಿಡೋಣ ಅಂದುಕೊಂಡಳು.

ಯಾರೋ ಎತ್ತಿದರು. ಹಲೋ ಅನ್ನಲಿಲ್ಲ.

"ಹ್ಞೂಂ?" ಅಂದಿತು ಆ ಕಡೆ, ತುಟಿ ಮುಚ್ಚಿಕೊಂಡೇ. ಆಮೇಲೆ ಟಕ್ ಎಂದಿತು. ಆಮೇಲೆ, "ಹಾಂ, ಹೇಳಿ. ಬಾಯಲ್ಲಿ ದಾರ ಇತ್ತು. ಯಾರು?"

ಜೋಡಿಸಿಕೊಂಡದ್ದೆಲ್ಲ ಕೈಬಿಟ್ಟುಹೋಯಿತು.

"ಆಡಂತೆ," ಅಂದಳು ಗುಂಡಿ.

ಲಾರಿಯವನು ಹಾರ್ನ್ ಮಾಡಿದ.

"ಗೊತ್ತು," ಅಂದಿತು ಕಡೆಗೆ ಆ ದನಿ. ದಪ್ಪಗಾಗಿತ್ತು, ಸ್ವಲ್ಪ ಒಡೆದಿತ್ತು. ರೇಡಿಯೊದ ದನಿಗೂ ಅದಕ್ಕೂ ಏನೇನೂ ಹೋಲಿಕೆ ಇರಲಿಲ್ಲ.

"ನೀನು ಚಿಕ್ಕೋರಿದ್ದಾಗ್ಲೇ ಗೊತ್ತು ಅಂದಿದ್ದೆ. ಹೇಳಬಾರದ್ದು ಅಂದಿದ್ದೆ."

"ಸುಳ್ಳು ಹೇಳಿದ್ದೆ ಕಣೇ. ನಂಗೂ ಹೋದ ತಿಂಗಳೇ ಗೊತ್ತಾಗಿದ್ದು."

"ನಾನೂ ಒಂದು ಸುಳ್ಳು ಹೇಳಿದ್ದೆ."

"ಯಾವಾಗ?"

"ಅಮ್ಮ ಹೋದಾಗ. ಬಾಗಿಲಲ್ಲಿ ನಿಂತು." ಮುಂದಿನದು ಒಂದೇ ಉಸಿರಿಗೆ ಬಂತು. "ನೀನು ಹಿಂದಿನ ದಿನ ಬಂದಿದ್ರೂ ಅಷ್ಟೇ ಆಗ್ತಿತ್ತು. ವಾರ ಮೊದಲು ಬಂದಿದ್ರೂ ಅಷ್ಟೇ. ಡಾಕ್ಟ್ರು ನಂಗೆ ಹೇಳಿದ್ರು. ನಂಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ."

ಆ ಕಡೆ ಉಸಿರು ಮಾತ್ರ ಕೇಳಿಸುತ್ತಿತ್ತು. ಅದು ಅಳುವೋ, ಸಿಟ್ಟೋ, ಬರೀ ಉಸಿರೋ ಅವಳಿಗೆ ತಿಳಿಯಲಿಲ್ಲ. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಆಗಲೂ ತಿಳಿಯಲಿಲ್ಲ.

"ಇರು," ಅಂದಳು ಸೂಜಿ. "ಕೈಲಿದ್ದ ಸೂಜಿ ಎಲ್ಲೋ ಬಿತ್ತು. ಯಾರಾದ್ರೂ ತುಳಿದುಬಿಟ್ಟಾರು. ಇಡಬೇಡ, ಹುಡುಕಿ ಬಂದೆ. ಇಡಬೇಡ ಕಣೇ."

"ಇಡಲ್ಲ," ಅಂದಳು ಗುಂಡಿ.

ಫೋನನ್ನು ಎಲ್ಲೋ ಗಟ್ಟಿ ಜಾಗದಲ್ಲಿ ಇಟ್ಟ ಸದ್ದಾಯಿತು. ಕುರ್ಚಿ ಸರಿದದ್ದು, ಬಟ್ಟೆ ಕೊಡವಿದ್ದು, ನೆಲದ ಮೇಲೆ ಅಂಗೈ ಆಡಿಸಿದ್ದು ಕೇಳಿಸಿತು. ಗುಂಡಿ ಗೋಡೆಗೆ ಒರಗಿ, ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು, ಅಕ್ಕ ಸೂಜಿ ಹುಡುಕುವುದನ್ನು ಕೇಳುತ್ತ ನಿಂತಳು.